ಕಾಫಿ ಕಣದಲ್ಲಿ ಪಿಕಲ್‌ಬಾಲ್

ಏಪ್ರಿಲ್ ಹೊತ್ತಿಗೆ ಕೊಡಗಿನಲ್ಲಿ ಕಾಫಿ ಒಣಗಿಸುವ ಕಣಗಳು ಖಾಲಿ. ಅಂಥದೊಂದು ಭಾನುವಾರ ಬೆಳಗ್ಗೆ ಕಣ ಗುಡಿಸಿ, ಟೇಪು ಹಿಡಿದು ಪಿಕಲ್‌ಬಾಲ್ ಅಂಕಣ ಹಾಕಿದ್ದಾಯಿತು. ತೂತಿರುವ ಪ್ಲಾಸ್ಟಿಕ್ ಚೆಂಡನ್ನು ಬ್ಯಾಟಿನಿಂದ ಬಲೆಯಾಚೆ ಹೊಡೆಯುವ ಆಟವಿದು.

20 ಅಡಿ ಅಗಲ, 44 ಅಡಿ ಉದ್ದ. ಡಬಲ್ಸ್ ಬ್ಯಾಡ್ಮಿಂಟನ್ನಿನದ್ದೇ ಅಳತೆ. ಓಡಾಟಕ್ಕೂ ಸೇರಿ 30 ಅಡಿಗೆ 60 ಅಡಿ ಜಾಗ ಬೇಕು. ಮೂಲೆಯಿಂದ ಮೂಲೆಗೆ 48 ಅಡಿ 4 ಅಂಗುಲ ಬಂದರೆ ಅಂಕಣ ಸರಿ. ಮೊದಲ ಸಲ ಎರಡು ಕರ್ಣಗಳು ಹೊಂದಲಿಲ್ಲ. ಕಣದ ಅಂಚು ನೇರವಿದೆ ಎಂದು ನಂಬಿ ದಾರ ಹಿಡಿದದ್ದೇ ತಪ್ಪು. ಗೆರೆಗೆ ಸೀಮೆಸುಣ್ಣವೇ ಸಾಕು. ಎಣ್ಣೆಬಣ್ಣ ಖಂಡಿತ ಬೇಡ, ಕಾಫಿ ಬೇಗ ವಾಸನೆ ಹೀರುತ್ತದೆ.

ಬಲೆಗೆ ನರ್ಸರಿಯ ಶೇಡ್ ನೆಟ್, ಕಂಬಕ್ಕೆ ಕಾಂಕ್ರೀಟ್ ತುಂಬಿದ ಡಬ್ಬದಲ್ಲಿ ನಿಲ್ಲಿಸಿದ ಬಿದಿರು. ಎತ್ತರ ತುದಿಗಳಲ್ಲಿ 36 ಅಂಗುಲ, ನಡುವೆ 34. ಹಗ್ಗ ಆಗಾಗ ಸಡಿಲವಾಗುತ್ತದೆ. 34 ಅಂಗುಲಕ್ಕೆ ಕತ್ತರಿಸಿದ ಕೋಲೊಂದು ಕೈಯಲ್ಲಿರಲಿ. ಬಲೆಯ ಎರಡೂ ಕಡೆ 7 ಅಡಿ ಜಾಗಕ್ಕೆ ಕಿಚನ್ ಎನ್ನುತ್ತಾರೆ. ಅದರೊಳಗೆ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯುವಂತಿಲ್ಲ.

ಹಾಕಿ ಆಡಿ ಬೆಳೆದವರ ತೊಂದರೆ ಮೊದಲ ಹತ್ತು ನಿಮಿಷದಲ್ಲೇ ಕಾಣುತ್ತದೆ: ಹೊಡೆತದ ಜೋರಿಗೆ ಚೆಂಡು ಗೆರೆಯಾಚೆ ಕಾಫಿ ಗಿಡಗಳಿಗೆ. ಬ್ಯಾಡ್ಮಿಂಟನ್ನಿನವರು ಸರ್ವ್ ಬಂದ ತಕ್ಷಣ ಬ್ಯಾಟ್ ಬೀಸುತ್ತಾರೆ. ಸರ್ವ್ ಒಮ್ಮೆ ಪುಟಿಯಬೇಕು, ಮರಳಿ ಬಂದದ್ದೂ ಒಮ್ಮೆ ಪುಟಿಯಬೇಕು. "ಪುಟಿಯಲಿ ಅಕ್ಕಾ, ಆಮೇಲೆ ಹೊಡೀರಿ" ಎಂಬ ಕೂಗು ಬೆಳಗ್ಗೆಯಿಡೀ ಕೇಳಿತು. ಈ ನಿಯಮದಿಂದಲೇ ಐವತ್ತು ದಾಟಿದವರಿಗೂ ಇಪ್ಪತ್ತರ ಹುಡುಗರಿಗೂ ಆಟ ಕೂಡಿಬರುವುದು. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಕೊಡವ ಹಾಕಿ ನಮ್ಮೆಗೆ, ಅಂದರೆ ಹಾಕಿ ಹಬ್ಬಕ್ಕೆ, ಕುಟುಂಬಗಳೇ ತಂಡ ಕಟ್ಟಿ ಇಳಿಯುತ್ತವೆ, ಆದರೆ ಅದು ವರ್ಷಕ್ಕೊಮ್ಮೆ. ವಾರವಾರವೂ ಮೈ ಬೆವರಬೇಕೆಂದರೆ ಮನೆ ಹತ್ತಿರದ ಇಂಥ ಆಟ ಬೇಕೇಬೇಕು.

11 ಅಂಕ, ಎರಡರ ಅಂತರದ ಗೆಲುವು. ಆಟ ಮುಗಿದೊಡನೆ ನಾಲ್ವರೂ ಹೊರಗೆ, ಕಾದ ನಾಲ್ವರು ಒಳಗೆ. ಗೆದ್ದವರನ್ನೇ ಉಳಿಸಿದರೆ ಹೊಸಬರು ಎರಡನೇ ವಾರ ಬರುವುದಿಲ್ಲ.

ಎತ್ತರದ ಚೆಂಡಿಗೆ ಹಿಂದೆ ಹಿಂದೆ ಹೆಜ್ಜೆಯಿಟ್ಟರೆ ಬೀಳುವುದು ಗ್ಯಾರಂಟಿ. ತಿರುಗಿ ಓಡಿ, ಇಲ್ಲವೇ ಬಿಟ್ಟುಬಿಡಿ. ಜೂನ್ ಮಳೆಗೆ ಕಣ ಪಾಚಿ ಹಿಡಿದ ಮೇಲಂತೂ ಅಲ್ಲಿ ಆಡಲೇಬಾರದು. ಆಗ ಸಮುದಾಯ ಭವನದೊಳಗೆ, 40 ತೂತಿನ ಗಟ್ಟಿ ಚೆಂಡಿನ ಬದಲು 26 ತೂತಿನ ಮೆದು ಚೆಂಡು.