ಹಾಲಿನ ಲೆಕ್ಕದ ಪಕ್ಕ ಕೆಂಪು ಚುಕ್ಕೆ

ನಮ್ಮನೆ ಅಡುಗೆಮನೆ ಗೋಡೆ ಮೇಲಿರೋ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನಲ್ಲಿ ಹಾಲು ತಗೊಳ್ದೇ ಇದ್ದ ದಿನ ಗೀಟು ಹಾಕೋದು ಮೊದಲಿಂದ ಅಭ್ಯಾಸ, ಹೋದ ವರ್ಷದಿಂದ ಅದ್ರ ಪಕ್ಕ ಕೆಂಪು ಪೆನ್ನಲ್ಲಿ ಚುಕ್ಕೆನೂ ಇಡ್ತೀನಿ. ಡೇಟ್ ಅಂದ್ರೆ ಮುಟ್ಟು ಆದ್ರೆ ದೊಡ್ಡ ಚುಕ್ಕೆ, ಸುಮ್‌ಸುಮ್ನೆ ಯಾರ ಮೇಲಾದ್ರೂ ರೇಗಾಡಿದ್ರೆ ಅಥವಾ ಸೀರಿಯಲ್ ನೋಡ್ತಾ ಅತ್ತುಬಿಟ್ರೆ ಸಣ್ಣ ಚುಕ್ಕೆ. ಮೂರು ತಿಂಗಳಾದ್ಮೇಲೆ ನೋಡ್ತೀನಿ, ಸಣ್ಣ ಚುಕ್ಕೆಗಳೆಲ್ಲ ದೊಡ್ಡ ಚುಕ್ಕೆಗೆ ಐದಾರು ದಿನ ಮುಂಚೆ ಇರುವೆ ಸಾಲು ಥರ ನಿಂತಿವೆ! ಅಲ್ಲೀವರೆಗೂ ನನ್ನ ಬುದ್ಧೀನೇ ಅಷ್ಟು ಅಂತ ಅಂದ್ಕೊಂಡಿದ್ದೆ.

ನೋವಿನ ಕಥೆ ಬೇರೆ. ನಮ್ಮ ಕಡೆ ಹೊರಗಾದಾಗ ಅಜ್ಜಿ ಕಲ್ಲುಪ್ಪನ್ನ ಬಾಣಲೇಲಿ ಹುರಿದು ಹಳೇ ಪಂಚೆ ತುಂಡಲ್ಲಿ ಗಂಟು ಕಟ್ಟಿ ಕಿಬ್ಬೊಟ್ಟೆ ಮೇಲೆ ಇಡೋರು, ಜೀರಿಗೆ ಕಷಾಯ ಕೊಡೋರು, ಕೊನೇಗೆ "ಮಗು ಆದ್ಮೇಲೆ ಸರಿಹೋಗುತ್ತೆ ತಡ್ಕೋ" ಅನ್ನೋರು. ನನಗೆ ಮಗು ಆಗಿ ಆರು ವರ್ಷ ಆಯ್ತು ಅಜ್ಜಿ, ಸರಿಹೋಗ್ಲಿಲ್ಲ. ಆದ್ರೆ ಉಪ್ಪಿನ ಗಂಟು ಮಾತ್ರ ನಿಜ, ಶಾಖಕ್ಕೆ ಬಿಗಿದ ಸ್ನಾಯು ಸಡಿಲ ಆಗುತ್ತೆ. ಆಫೀಸಲ್ಲಿ ನಾನು ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿಸ್ಕೊಂಡು ದುಪಟ್ಟಾ ಸುತ್ತಿ ಮಡಿಲಲ್ಲಿ ಇಟ್ಕೊಂಡೇ ಮೀಟಿಂಗ್ ಮುಗಿಸ್ತೀನಿ. (ಸಿಂಗಲ್ ಗೋಡೆ ಬಾಟಲಿ ಆಗ್ಬೇಕು, ಫ್ಲಾಸ್ಕ್ ಥರದ್ದು ಹೊರಗೆ ಬಿಸಿನೇ ಬಿಡಲ್ಲ, ಮೊದಲ ಸಲ ಅದ್ನೇ ತಬ್ಕೊಂಡು ಕೂತಿದ್ದೆ ಪೆದ್ದಿ ಥರ.)

ಮಾತ್ರೆ ವಿಷಯದಲ್ಲಿ ನಾನು ಹದಿನೈದು ವರ್ಷ ತಪ್ಪು ಮಾಡ್ದೆ. ತಡ್ಕೊಂಡು ತಡ್ಕೊಂಡು, ಬೆವರು ಬಂದು ವಾಂತಿ ಬರೋ ಹಾಗಾದ್ಮೇಲೆ ನುಂಗೋದು, ಅದು ಕೆಲಸ ಮಾಡ್ಲಿಲ್ಲ ಅಂತ ಬೈಯೋದು. ಡಾಕ್ಟರ್ ಹೇಳಿದ್ದು ಏನಂದ್ರೆ ಗರ್ಭಕೋಶದ ಒಳಪದರ ಪ್ರೋಸ್ಟಾಗ್ಲಾಂಡಿನ್ ಅನ್ನೋದನ್ನ ತಯಾರು ಮಾಡುತ್ತೆ, ಅದು ಗರ್ಭಕೋಶನ ಬಟ್ಟೆ ಹಿಂಡೋ ಥರ ಹಿಂಡುತ್ತೆ, ಐಬುಪ್ರೊಫೆನ್ ಮೆಫೆನಾಮಿಕ್ ಆಸಿಡ್ ಥರದ ಮಾತ್ರೆಗಳು ಅದು ತಯಾರಾಗೋದನ್ನೇ ತಡೆಯುತ್ವೆ, ಅಂದ್ಮೇಲೆ ಎಲ್ಲಾ ತಯಾರಾಗಿ ಹಿಂಡೋಕೆ ಶುರುವಾದ್ಮೇಲೆ ನುಂಗಿದ್ರೆ ಏನು ಬಂತು. ಶುರುವಾಗ್ತಿದ್ದ ಹಾಗೇ, ಊಟ ಆದ್ಮೇಲೆ, ಒಂದೆರಡು ದಿನ ಹೇಳಿದ ಹೊತ್ತಿಗೆ ತಗೋ ಅಂದ್ರು. ಅಷ್ಟೇ ಬದಲಾಯಿಸಿದ್ದು, ಈಗ ಮೊದಲ ದಿನ ಅನ್ನ ಸಾರು ಮಾಡೋವಷ್ಟು ಇರ್ತೀನಿ.

ಹಾಗಂತ ಮೆಡಿಕಲ್ ಶಾಪಲ್ಲಿ ಕೇಳಿ ತಂದು ನುಂಗ್ಬೇಡಿ ಮತ್ತೆ. ಅಲ್ಸರ್, ಕಿಡ್ನಿ ತೊಂದ್ರೆ ಇರೋರಿಗೆ, ಆಸ್ತಮಾ ಇರೋ ಕೆಲವ್ರಿಗೆ ಇವು ಆಗ್ಬರಲ್ಲ. 2023ರ ನವೆಂಬರ್ ಕೊನೇಲಿ ಇಂಡಿಯನ್ ಫಾರ್ಮಾಕೊಪಿಯಾ ಕಮಿಷನ್ (ಔಷಧಿಗಳ ಗುಣಮಟ್ಟ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ಮೆಫೆನಾಮಿಕ್ ಆಸಿಡ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು, ಡ್ರೆಸ್ ಸಿಂಡ್ರೋಮ್ ಅನ್ನೋ ಅಪರೂಪದ ಅಲರ್ಜಿ, ಮಾತ್ರೆ ತಗೊಂಡು ಎರಡರಿಂದ ಎಂಟು ವಾರದ ಒಳಗೆ ದದ್ದು ಜ್ವರ ಬಂದ್ರೆ ಸುಮ್ನಿರಬಾರ್ದು.

ಇನ್ನು ಮಾತ್ರೆಗೂ ಬಗ್ಗದ ನೋವು, ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗೋದು, ಗಂಡನ ಜೊತೆ ಸೇರುವಾಗ ನೋವು ಇದ್ರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದ ಥರದ್ದು ಅದ್ರ ಹೊರಗೆ ಬೆಳೆಯೋ ಕಾಯಿಲೆ) ಇರಬಹುದು, ಸ್ಕ್ಯಾನ್ ನಾರ್ಮಲ್ ಬಂತು ಅಂತ ಬಿಟ್ಬಿಡ್ಬೇಡಿ, ಎಷ್ಟೋ ಸಲ ಸ್ಕ್ಯಾನಲ್ಲಿ ಅದು ಕಾಣಿಸಲ್ಲ. ಡೇಟ್‌ಗೆ ಮುಂಚೆ ಬದುಕೋದೇ ಬೇಡ ಅನ್ಸೋ ಅಷ್ಟು ಮನಸ್ಸು ಕುಸಿದ್ರೆ ಅದು ಕೊಬ್ಬು ಅಲ್ಲ, ಪಿಎಂಡಿಡಿ ಅನ್ನೋ, ಮುಟ್ಟಿಗೆ ಮುಂಚೆ ಮನಸ್ಸು ತೀರಾ ಹದಗೆಡೋ ಕಾಯಿಲೆ ಇರಬಹುದು, ಅದಕ್ಕೂ ಔಷಧಿ ಇದೆ. ಡಾಕ್ಟರ್ ಹತ್ರ ಹೋಗುವಾಗ ಕ್ಯಾಲೆಂಡರ್ ಫೋಟೋ ತಗೊಂಡು ಹೋಗಿ, ಬಾಯಲ್ಲಿ ಹೇಳಿದ್ರೆ ಅರ್ಧ ಮರ್ತುಹೋಗುತ್ತೆ.

ಕ್ಯಾಲೆಂಡರ್‌ದು ಒಂದೇ ತೊಂದ್ರೆ. ಹೋದ ತಿಂಗಳು ನನ್ನ ಗಂಡ ಚುಕ್ಕೆ ಗೀಟು ಎಲ್ಲಾ ಸೇರಿಸಿ ಎಣಿಸಿ ಹಾಲಿನವನಿಗೆ ಒಂಬತ್ತು ದಿನದ ದುಡ್ಡು ಕಡಿಮೆ ಕೊಟ್ಟು ಬಂದಿದ್ರು. ಅವ್ರಿಗೆ ವಿಷಯ ಏನು ಅಂತ ಮೊದಲ ಸಲ ಬಿಡಿಸಿ ಹೇಳಿದ್ದು ಆವತ್ತೇ, ಮದುವೆಯಾಗಿ ಎಂಟು ವರ್ಷಕ್ಕೆ.