ನಿಮ್ಮ ಫಾದರ್ ಯಾವಾಗಲೂ ಹೊರಗಿನವರೇ ಯಾಕ್ರಿ?

ಫಾದರ್ ಅಂದರೆ ನಮ್ಮ ಕ್ಯಾಥೋಲಿಕ್ ಚರ್ಚಿನ ಗುರುಗಳು. ಮೊದಲು "ನಿಮ್ಮ ಫಾದರ್ ಯಾವ ಊರೋರು?" ಅಂತ ಕೇಳುತ್ತಾರೆ. ಮಂಗಳೂರು ಕಡೆಯವರು ಅಂತೀನಿ. "ಅವರಿಗಿಂತ ಮೊದಲಿದ್ದೋರು?" ಅವರೂ ಆ ಕಡೆಯವರೇ. "ಅಂದ್ರ ನಮ್ಮ ಕಲಬುರಗಿ ಮಂದಿ ಒಬ್ಬರೂ ಸಿಗಂಗಿಲ್ಲೇನ್ರಿ ನಿಮಗ?" ಕಟಿಂಗ್ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮಗಳ ಶಾಲೆಯ ಗೇಟಿನಲ್ಲಿ, ಎಲ್ಲಾ ಕಡೆ ಇದೇ ಮೂರು ಪ್ರಶ್ನೆ, ಇದೇ ಸಾಲಿನಲ್ಲಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರ ಮೊಬೈಲಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಲಿ.

ಫಾದರ್ ಯಾರು ಅಂತ ನಾವು ಆರಿಸುವುದಿಲ್ಲ. ಬಿಷಪ್ ಕಳಿಸುತ್ತಾರೆ. ಫಾದರ್ ಆಗುವ ಗುರುದೀಕ್ಷೆಯ ದಿನವೇ ಬಿಷಪ್ಪರ ಮಾತಿಗೆ ವಿಧೇಯನಾಗಿರುತ್ತೇನೆ ಅಂತ ಮಾತು ಕೊಟ್ಟಿರುತ್ತಾರೆ. ಕೆಲವು ವರ್ಷ ಇದ್ದು ವರ್ಗವಾಗುತ್ತಾರೆ. ನಿಮ್ಮ ತಹಸೀಲ್ದಾರರು, ಬ್ಯಾಂಕ್ ಮ್ಯಾನೇಜರು ಎಲ್ಲಾ ಓಣಿಯ ಹುಡುಗರೇನು? ಅವರನ್ನು ಯಾರೂ ಹೀಗೆ ಕೇಳಿದ್ದನ್ನು ನಾನು ನೋಡಿಲ್ಲ.

ಶಹಾಬಾದಿನಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದಾಗ ಪಕ್ಕದ ರಿಟೈರ್ಡ್ ಮಾಸ್ತರರು ಇದನ್ನೇ ಬೇರೆ ರಾಗದಲ್ಲಿ ತೆಗೆದರು. "ನಮ್ಮ ಓಣಿ ಪಾಸ್ಟರ್ ನೋಡ್ರಿ. ಇಲ್ಲೇ ಹುಟ್ಟಿದೋರು. ಹೆಂಡ್ತಿ ಮಕ್ಕಳು ಅದಾರ, ಮನಿ ಕಟ್ಟ್ಯಾರ. ನಿಮ್ಮೋರು ಹಂಗಲ್ಲ. ಚೀಲ ಹಿಡ್ಕೊಂಡು ಬರ್ತಾರ, ಚೀಲ ಹಿಡ್ಕೊಂಡು ಹೋಗ್ತಾರ." ಅವರು ಹೇಳಿದ ಪಾಸ್ಟರ್ ಮೆಥಡಿಸ್ಟರು, ಅದು ಪ್ರೊಟೆಸ್ಟಂಟರ ಒಂದು ಪಂಗಡ. ಬೀದರ್ ಕಡೆಯ ಕ್ರೈಸ್ತರಲ್ಲಿ ಮೆಥಡಿಸ್ಟರೇ ಜಾಸ್ತಿ, ಅವರ ಆಸ್ಪತ್ರೆ, ಶಾಲೆ ಎಲ್ಲರಿಗೂ ಗೊತ್ತು. ಅವರ ಪಾಸ್ಟರುಗಳು ಮದುವೆಯಾಗಬಹುದು. ನಮ್ಮ ಫಾದರುಗಳು ಆಗುವಂತಿಲ್ಲ. ಎರಡೂ ಬೇರೆ ಬೇರೆ ಸಭೆ ಅಂತ ಹೇಳಿದೆ. "ಏಸು ಒಬ್ಬನೇ ಅಲ್ರಿ?" ಅಂದರು. ಅದಕ್ಕೇನು ಹೇಳಲಿ?

ಸುಮ್ಮನಿರಲಾರದೆ ನಾನೂ ಒಂದು ಬಾಣ ಬಿಟ್ಟೆ. "ಮಾಸ್ತರೇ, ಖ್ವಾಜಾ ಬಂದೇ ನವಾಜರು ಎಲ್ಲಿಂದ ಬಂದೋರು?" ಕಲಬುರಗಿಯ ಅವರ ದರ್ಗಾದ ಉರುಸಿಗೆ ಊರಿಗೆ ಊರೇ ಹೋಗುತ್ತದೆ, ಜಾತಿ ಧರ್ಮ ಯಾರೂ ನೋಡುವುದಿಲ್ಲ. ಆದರೆ ಅವರು ದೆಹಲಿಯವರು. 1398ರಲ್ಲಿ ತೈಮೂರ್ ದೆಹಲಿಯ ಮೇಲೆ ಬಿದ್ದಾಗ ಆ ಊರು ಬಿಟ್ಟು ದಕ್ಷಿಣಕ್ಕೆ ಬಂದವರು. ಮಾಸ್ತರರು ಒಂದು ತುತ್ತು ಮುಗಿಸಿ, "ಹೌದ್ರಿ, ಖರೆ. ಆದ್ರ ಬಂದೋರು ಇಲ್ಲೇ ಉಳದ್ರಲ್ಲ!" ಅಂದರು. ಅಷ್ಟರಲ್ಲಿ ಜಿಲೇಬಿ ಬಡಿಸುವವನು ಬಂದ. ಬಚಾವಾದೆ.

ಅವರಿಗೆ ಹೇಳದ ಮಾತೊಂದಿದೆ. ಫಾದರ್ ಹೊರಗಿನವರಾಗಿರುವುದೇ ನನಗೆ ಎಷ್ಟೋ ಸಲ ಅನುಕೂಲ. ನಮ್ಮಲ್ಲಿ ಪಾಪನಿವೇದನೆ ಅಂತ ಇದೆ. ಮಾಡಿದ ತಪ್ಪನ್ನು ಫಾದರ್ ಕಿವಿಯಲ್ಲಿ ಹೇಳಬೇಕು. ಅದನ್ನು ಅವರು ಯಾರಿಗೂ ಬಾಯಿಬಿಡುವಂತಿಲ್ಲ, ನಿಯಮ ಅಷ್ಟು ಬಿಗಿ. ಆದರೂ ಆ ಕಡೆ ಕೂತವನು ನನ್ನ ಕಾಕಾನ ಮಗನಾಗಿದ್ದರೆ? ನಾನಂತೂ ಸಕ್ಕರೆ ಕದ್ದು ತಿಂದದ್ದು ಬಿಟ್ಟು ಮುಂದೆ ಹೋಗುತ್ತಿರಲಿಲ್ಲ. ಜಮೀನು ಜಗಳದಲ್ಲೂ ಅಷ್ಟೇ. ಯಾರಿಗೂ ಸೋದರಳಿಯನಲ್ಲದ ಒಬ್ಬ ಮನುಷ್ಯ ಊರಲ್ಲಿರುವುದು ಒಳ್ಳೆಯದು.

"ಲೋಕಲ್ ಯಾಕಿಲ್ಲ" ಅನ್ನುವುದನ್ನು ನೀವೇ ಮೊದಲು ಕೇಳಿದಿರಿ ಅಂದುಕೊಳ್ಳಬೇಡಿ. ನಾನೂರು ವರ್ಷದ ಹಳೆಯ ಜಗಳ ಅದು, ನಮ್ಮ ನೆಲಕ್ಕೂ ಅದಕ್ಕೂ ನಂಟಿದೆ. ಗೋವಾದ ದಿವಾರ್ ದ್ವೀಪದಲ್ಲಿ ಮಾತೆವುಸ್ ದೆ ಕಾಸ್ತ್ರೊ ಅಂತ ಒಬ್ಬರಿದ್ದರು. ಬ್ರಾಹ್ಮಣ ಮೂಲದ ಕ್ಯಾಥೋಲಿಕ್ ಮನೆತನ. ಫಾದರ್ ಆಗಬೇಕು ಅಂತ ಆಸೆ. ಗೋವಾದಲ್ಲಿ ಪೋರ್ಚುಗೀಸ್ ಆರ್ಚ್‌ಬಿಷಪ್ ದೀಕ್ಷೆ ಕೊಡಲು ಒಪ್ಪಲಿಲ್ಲ. ಆ ಮನುಷ್ಯ ರೋಮಿಗೇ ಹೋಗಿ, ಅಲ್ಲಿ ಓದಿ ಫಾದರ್ ಆದರು. 1637ರಲ್ಲಿ ಬಿಷಪ್ಪೂ ಆದರು, ಲ್ಯಾಟಿನ್ ಪದ್ಧತಿಯ, ಅಂದರೆ ರೋಮಿನ ಪೂಜಾಪದ್ಧತಿಯ, ಮೊದಲ ಭಾರತೀಯ ಬಿಷಪ್. ರೋಮ್ ಅವರಿಗೆ ವಹಿಸಿದ್ದು ಯಾವ ಸೀಮೆ ಗೊತ್ತಾ? ಬಿಜಾಪುರದ ಆದಿಲ್‌ಶಾಹಿ ರಾಜ್ಯ. ಆಗ ಗುಲ್ಬರ್ಗ ಆ ರಾಜ್ಯದ್ದೇ. ಬೀದರ್ ಕೂಡ 1619ರಲ್ಲೇ ಬಿಜಾಪುರದ ಕೈಗೆ ಬಂದಿತ್ತು. ಕಾಗದದ ಮೇಲಾದರೂ ನಮ್ಮ ಸೀಮೆಗೆ ಬಂದ ಆ ಬಿಷಪ್ ಬಿಳಿಯರಲ್ಲ! ಗೋವಾದ ಪೋರ್ಚುಗೀಸರು ಕೊನೆಯವರೆಗೂ ಅವರನ್ನು ಒಪ್ಪಿಕೊಳ್ಳಲಿಲ್ಲ. ಅವರು ತೀರಿಕೊಂಡದ್ದೂ ರೋಮಿನಲ್ಲೇ.

ಆಮೇಲಿನ ಕಥೆ ಉದ್ದ, ಇಲ್ಲಿ ಚಿಕ್ಕದು ಮಾಡುತ್ತೇನೆ. 1855ರಿಂದ ಹೈದರಾಬಾದ್ ಮಿಷನ್ನಿಗೆ ಇಟಲಿಯ ಮಿಲಾನಿನ ಫಾದರುಗಳು ಬಂದರು. ನಾವು 1956ರವರೆಗೂ ಹೈದರಾಬಾದ್ ರಾಜ್ಯದವರು, ಹಾಗಾಗಿ ನಮ್ಮ ಹಿರಿಯರ ಬಾಯಲ್ಲಿ ಚರ್ಚಿನ ದೊಡ್ಡ ಕೆಲಸ ಅಂದರೆ ಹೈದರಾಬಾದೇ. ಗುಲ್ಬರ್ಗಕ್ಕೆ ತನ್ನದೇ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಆಡಳಿತದ ಸೀಮೆ, ಸಿಕ್ಕಿದ್ದು 2005ರ ಜೂನ್ 24ರಂದು. ಮೊದಲ ಬಿಷಪ್ ರಾಬರ್ಟ್ ಮಿರಾಂಡ. 2005 ಅಂದರೆ ಮೊನ್ನೆ ಮೊನ್ನೆ. ಒಬ್ಬ ಹುಡುಗ ಸೆಮಿನರಿಗೆ, ಅಂದರೆ ಫಾದರುಗಳನ್ನು ತಯಾರು ಮಾಡುವ ಶಾಲೆಗೆ, ಸೇರಿ, ತತ್ವಶಾಸ್ತ್ರ, ದೇವಶಾಸ್ತ್ರ ಎಲ್ಲಾ ಮುಗಿಸಿ ಫಾದರ್ ಆಗಲು ಹತ್ತು ವರ್ಷದ ಆಸುಪಾಸು ಬೇಕು. ಮಂಗಳೂರಿನ ಜೆಪ್ಪುವಿನಲ್ಲಿ 1879ರಿಂದ ಸೆಮಿನರಿ ಇದೆ. ಕ್ಯಾಥೋಲಿಕರೂ ಅಲ್ಲಿ ಜಾಸ್ತಿ. ನಮ್ಮದು ಬೆರಳೆಣಿಕೆಯ ಮನೆಗಳು, ಮನೆಗೊಬ್ಬ ಇಬ್ಬರು ಮಕ್ಕಳು. ಇರುವ ಒಬ್ಬ ಮಗನನ್ನು ಮದುವೆ ಮಾಡದೆ ಕಳಿಸಿಕೊಡು ಅಂದರೆ ನೀವು ಕಳಿಸುತ್ತೀರಾ? ನನ್ನ ಹೆಂಡತಿಯನ್ನು ಕೇಳುವ ಧೈರ್ಯ ನನಗಿಲ್ಲ.

ಇಷ್ಟು ಹೇಳಿದೆ. ಈಗ ಯಾರೂ ಕೇಳದ ಪ್ರಶ್ನೆ: ಫಾದರ್ ಇಲ್ಲದಿದ್ದಾಗ ಚರ್ಚ್ ನಡೆಸಿದವರು ಯಾರು?

ಉಪದೇಶಿಗಳು. ಇದೇ ಊರಿನವರು, ಇದೇ ಭಾಷೆಯವರು, ಹೆಂಡತಿ ಮಕ್ಕಳಿದ್ದವರು. ಫಾದರ್ ಒಬ್ಬರು, ಸುತ್ತಿನ ಹಳ್ಳಿ ಹತ್ತಾರು. ಚರ್ಚಿನ ಪೂಜೆ ಫಾದರ್ ಮಾತ್ರ ಮಾಡಬಹುದು, ಹಾಗಾಗಿ ಅದು ಯಾವಾಗಲೋ ಒಮ್ಮೆ. ಉಳಿದ ಭಾನುವಾರ ಜನರನ್ನು ಕೂಡಿಸಿ ಜಪಸರ ಹೇಳಿಸುವುದು, ಮಕ್ಕಳಿಗೆ ಜಪ ಕಲಿಸುವುದು, ಸತ್ತವರಿಗೆ ಪ್ರಾರ್ಥನೆ ಹೇಳಿ ಮಣ್ಣು ಮಾಡಿಸುವುದು ಉಪದೇಶಿಯ ಕೆಲಸ. ಮಗು ಸಾಯುವ ಹಾಗಿದ್ದರೆ ಅವನೇ ತಲೆಗೆ ನೀರು ಹಾಕಿ ಜ್ಞಾನಸ್ನಾನ, ಅಂದರೆ ಸಭೆಗೆ ಸೇರಿಸುವ ಸಂಸ್ಕಾರ, ಕೊಡಬಹುದು, ಸಭೆಯ ಕಾನೂನೇ ಅದಕ್ಕೆ ಒಪ್ಪುತ್ತದೆ. 1960ರ ದಶಕದಲ್ಲಿ ಬಿಷಪ್ಪರೆಲ್ಲಾ ಸೇರಿದ ವ್ಯಾಟಿಕನ್ ಮಹಾಸಭೆಯ ತನಕ ಪೂಜೆ ಲ್ಯಾಟಿನ್‌ನಲ್ಲಿ. ಫಾದರ್ ಆ ಕಡೆ ಮುಖ ಮಾಡಿ ಲ್ಯಾಟಿನ್‌ನಲ್ಲಿ ಹೇಳುತ್ತಿದ್ದರೆ ಈ ಕಡೆ ಕೂತವರಿಗೆ ಕನ್ನಡದಲ್ಲಿ ತಿಳಿಸುತ್ತಿದ್ದವನು ಇವನೇ. ಹೊಸ ಫಾದರಿಗೆ "ಬರ್ರಿ", "ಕೂಡ್ರಿ", "ಉಂಡ್ರೇನ್ರಿ" ಕಲಿಸಿದವನೂ ಇವನೇ.

ಒಂದು ಸಲ ಜ್ಞಾನಸ್ನಾನದ ಹಳೇ ದಫ್ತರ ತಿರುವಿದ್ದೆ. ಅಂಚು ಗೆದ್ದಲು ತಿಂದಿದೆ. ಸಾಲು ಸಾಲಾಗಿ ಮಗುವಿನ ಹೆಸರು, ತಂದೆ, ತಾಯಿ, ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತು ನಿಲ್ಲುವ ಜ್ಞಾನತಂದೆ, ಜ್ಞಾನತಾಯಿ, ಕೊನೆಗೆ ಫಾದರ್ ಸಹಿ. ಮುಂದೆ ಮದುವೆಯಾದರೆ ಅದನ್ನೂ ಅದೇ ಸಾಲಿನ ಪಕ್ಕದಲ್ಲಿ ಬರೆಯುತ್ತಾರೆ. ಸಹಿಗಳು ಬದಲಾಗುತ್ತಾ ಹೋಗುತ್ತವೆ. ಒಂದು ಓರೆ, ಒಂದು ಗುಂಡಗೆ, ಒಂದಂತೂ ಓದಲಿಕ್ಕೇ ಬರುವುದಿಲ್ಲ. ಜ್ಞಾನತಂದೆ ಕಾಲಮ್ಮಿನಲ್ಲಿ ಮಾತ್ರ ಪುಟಗಟ್ಟಲೆ ಒಂದೇ ಹೆಸರು, ಉಪದೇಶಿಯದು. ದೂರದ ಹಳ್ಳಿಯಿಂದ ಮಗು ತಂದವರ ಜೊತೆ ನಿಲ್ಲಲು ಬೇರೆ ಯಾರೂ ಇಲ್ಲದಿದ್ದಾಗ ಇವನೇ ನಿಂತಿದ್ದಾನೆ. ಊರಿನ ಅರ್ಧ ಮಂದಿಗೆ ಅವನೇ ಜ್ಞಾನತಂದೆ.

ನಮ್ಮ ಚರ್ಚ್ ಒಳಗೆ ಬಾಗಿಲ ಪಕ್ಕ ಒಂದು ಗ್ರಾನೈಟ್ ಫಲಕವಿದೆ. ಇಲ್ಲಿ ಸೇವೆ ಮಾಡಿದ ಫಾದರುಗಳ ಹೆಸರು, ಇಸವಿ, ಚಿನ್ನದ ಬಣ್ಣದಲ್ಲಿ. ಉಪದೇಶಿಗಳ ಹೆಸರು ಒಂದೂ ಇಲ್ಲ. ಅವರಿಗೂ ಒಂದು ಫಲಕ ಹಾಕೋಣ ಅಂತ ಕಮಿಟಿ ಮೀಟಿಂಗಿನಲ್ಲಿ ಎತ್ತಿದೆ. ಫಾದರ್, ಅಂದರೆ ಮಂಗಳೂರು ಕಡೆಯ ನಮ್ಮ ಫಾದರ್, ಕೂಡಲೇ ಒಪ್ಪಿದರು. ಗೋಡೆಯಲ್ಲಿ ಜಾಗ ಇಲ್ಲ, ಮುಂದಿನ ವರ್ಷ ನೋಡೋಣ ಅಂದವರು ಲೋಕಲ್ ಮಂದಿ, ನಮ್ಮವರೇ.