ಪಿ.ಟಿ. ಮೇಷ್ಟ್ರ ಹನ್ನೆರಡನೇ ಹುಡುಗ

2023ರ ಜೂನ್ 13, ಬೆಳಿಗ್ಗೆ. ಬೆಂಗಳೂರಿನ ಮನೆಯಲ್ಲಿ ಕೂತು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ ನೋಡುತ್ತಿದ್ದೆ. ಡೆನ್ವರ್ ನಗೆಟ್ಸ್ 94–89ರಿಂದ ಮಯಾಮಿಯನ್ನು ಸೋಲಿಸಿ ಮೊದಲ ಸಲ ಚಾಂಪಿಯನ್ ಆಯಿತು. ಎಲ್ಲರ ಕಣ್ಣೂ ಡೆನ್ವರ್‌ನ ಸ್ಟಾರ್ ಯೋಕಿಚ್ ಮೇಲೆ. ನಾನು ಹುಡುಕಿದ್ದು ಅದೇ ತಂಡದ ಬೆಂಚಿನಲ್ಲಿದ್ದ ಇಶ್ ಸ್ಮಿತ್‌ನನ್ನು. ನಮ್ಮ ಪಿ.ಟಿ. ಮೇಷ್ಟ್ರು ಜೊತೆಗಿದ್ದಿದ್ದರೆ ಅವರೂ ಅವನನ್ನೇ ಹುಡುಕುತ್ತಿದ್ದರು.

ಒಂಬತ್ತನೇ ಕ್ಲಾಸಿನಲ್ಲಿ ನಾವು ಮೂವರು ಸ್ಟೋರ್ ರೂಮಿನ ಕಿಟಕಿಯಿಂದ ಹೊಸ ಲೆದರ್ ಬಾಸ್ಕೆಟ್‌ಬಾಲ್ ಕದ್ದು, ಭಾನುವಾರ ಪೂರ್ತಿ ಮಳೆಯಲ್ಲಿ ಆಡಿದೆವು. ಸೋಮವಾರ ನೋಡಿದರೆ ಬಾಲ್ ಊದಿಕೊಂಡು ಹಲಸಿನಕಾಯಿ ಆಗಿತ್ತು! ಮೇಷ್ಟ್ರು ಹೊಡೆಯಲಿಲ್ಲ. ವರ್ಷವಿಡೀ ಪ್ರೇಯರ್‌ಗೆ ಮುಂಚೆ ಎಲ್ಲ ಬಾಲ್‌ಗೂ ಗಾಳಿ ತುಂಬುವ ಕೆಲಸ ನನಗೆ ಬಿತ್ತು. ಸೂಜಿಯನ್ನು ನೀರಿಗೆ ಅದ್ದಿ, ನಿಧಾನವಾಗಿ ಇಳಿಸಬೇಕು. ಒಣ ಸೂಜಿ ಚುಚ್ಚಿದರೆ ವಾಲ್ವ್ ಹೋಯಿತು ಅಂತಲೇ ಲೆಕ್ಕ. ಇವತ್ತಿಗೂ ನನ್ನ ಕೈ ಅದನ್ನು ಮರೆತಿಲ್ಲ.

ತಂಡದಲ್ಲಿ ನಾನು ಹನ್ನೆರಡನೆಯವನು, ಬೆಂಚಿನ ಕೊನೆಯವನು. ಅತ್ತಾಗ ಮೇಷ್ಟ್ರು, "ಅಳಬೇಡ ಕಣೋ, ಐದೂ ಜಾಗದ ಆಟ ಕಲಿ. ಯಾರು ಬಿದ್ದರೂ ನಿನ್ನನ್ನೇ ಕರೀತೀನಿ" ಅಂದರು. ಜಿಲ್ಲಾ ಫೈನಲ್‌ನಲ್ಲಿ ಬಾಲ್ ಮುಂದಕ್ಕೆ ತಂದು ಆಟ ನಡೆಸುವ ನಮ್ಮ ಗಾರ್ಡ್ ಕಾಲು ಉಳುಕಿಸಿಕೊಂಡ. ಕರೆದೇಬಿಟ್ಟರು. ಫೌಲ್‌ಗೆ ಸಿಕ್ಕ ಕೊನೆಯ ಎರಡು ಫ್ರೀ ಥ್ರೋ ನನ್ನವು, ಎರಡೂ ಬುಟ್ಟಿಗೆ ಬಿದ್ದವು. ಆಮೇಲೆ ಒಂಬತ್ತು ವರ್ಷ, ನಾಲ್ಕು ಕ್ಲಬ್ ಆಡಿದೆ. ಎಲ್ಲಿ ಹೋದರೂ ವಾರದೊಳಗೆ ಅವರ ಆಟಕ್ಕೆ ಹೊಂದಿಕೊಳ್ಳುತ್ತಿದ್ದೆ. ಅಂಥವರು ಜಾಸ್ತಿ ಸಿಗುವುದಿಲ್ಲ ಅಂತ ಕೋಚ್‌ಗಳೇ ಹೇಳುತ್ತಿದ್ದರು.

ಇಶ್ ಸ್ಮಿತ್ ಆರಡಿಯ ಗಾರ್ಡ್. ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ, 2010ರಲ್ಲಿ, ಅವನನ್ನು ಯಾವ ತಂಡವೂ ಆರಿಸಲಿಲ್ಲ. ಹ್ಯೂಸ್ಟನ್‌ನಿಂದ ಶುರು ಮಾಡಿದವನಿಗೆ ಡೆನ್ವರ್ ಹದಿಮೂರನೇ ತಂಡ. ಎನ್‌ಬಿಎಯಲ್ಲಿ ಅಷ್ಟು ತಂಡಗಳಿಗೆ ಅದುವರೆಗೆ ಬೇರೆ ಯಾರೂ ಆಡಿರಲಿಲ್ಲ. ಜಾಸ್ತಿ ಕಾಲ ನಿಂತಿದ್ದು ಡೆಟ್ರಾಯಿಟ್‌ನಲ್ಲಿ, ಅದೂ ಮೂರೇ ಸೀಸನ್. ಎನ್‌ಬಿಎಯಲ್ಲಿ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಸುದ್ದಿ ಬಂದ ದಿನವೇ ಪೆಟ್ಟಿಗೆ ಕಟ್ಟಬೇಕು. ಹೊಸ ಊರು, ಹೊಸ ಕೋಚ್, ಹೊಸ ಸನ್ನೆಗಳು. ಅವನನ್ನು ಬಿಟ್ಟುಕೊಟ್ಟವರು ಹದಿಮೂರು ಜನ ಅನ್ನುವವರಿದ್ದಾರೆ. ಬೇಕು ಅಂದವರೂ ಹದಿಮೂರು ಜನ, ಅಲ್ವಾ?

ಕಳೆದ ತಿಂಗಳು ಮೇಷ್ಟ್ರು ತೀರಿಕೊಂಡ ಸುದ್ದಿ ಕೇಳಿ ಊರಿಗೆ ಹೋಗಿದ್ದೆ. ಶಾಲೆಯ ಕೋರ್ಟಿನಲ್ಲಿ ಈಗ ಬಸ್ಸುಗಳು ನಿಲ್ಲುತ್ತವೆ. ಪಿ.ಟಿ. ಪಿರಿಯಡ್ ಗಣಿತಕ್ಕೆ ಹೋಗಿದೆಯಂತೆ. ತುಂಬಾ ಬೇಜಾರಾಯಿತು. ಮೇಷ್ಟ್ರ ಮನೆಯಲ್ಲಿ ಅಮ್ಮನವರು ಆ ಹಳೇ ಪಂಪನ್ನು ನನ್ನ ಕೈಗಿಟ್ಟರು. ಹೊಸ ವಾಷರ್ ಹಾಕಿಸಿದ್ದೇನೆ. ಹನ್ನೆರಡು ಬಾಲ್ ನಾನೇ ತಂದುಕೊಡುತ್ತೇನೆ, ಆ ಬಸ್ಸುಗಳನ್ನು ಸ್ವಲ್ಪ ಆಚೆ ನಿಲ್ಲಿಸಿ.